ಹಿತ್ತಲ ನಿಂಬೆ

ಕಾಯಿ ಬಿಡದ ಗಿಡಕ್ಕೆ ಲೋಕವು ಬಹುಬೇಗ ಹೆಸರಿಟ್ಟುಬಿಡುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯೆಂದರೆ ನಿಂಬೆಗೆ ಹೆಸರಾದ ನಾಡು. ಅಂಥ ಸೀಮೆಯ ಮನೆಯೊಂದರ ಹಿತ್ತಲಲ್ಲಿ 7 ವರ್ಷದ ನಿಂಬೆಯ ಗಿಡವೊಂದು ಆಳೆತ್ತರ ಮೀರಿ, ಕಡುಹಸಿರಾಗಿ ಬೆಳೆದು ನಿಂತಿದ್ದರೂ ಒಂದು ಹೂವನ್ನೂ ಬಿಟ್ಟಿರಲಿಲ್ಲ. ನೆರೆಯವರು ಅದನ್ನು ಗಂಡು ಗಿಡವೆಂದರು. ಮನೆಯ ಹಿರಿಯ ತಾಯಿಯವರು ಮಗನನ್ನು ಕರೆದು, "ಬಂಜಿ ಗಿಡಾ ಅದು, ಕಡದು ಒಗಿ" ಎಂದರು. ಮದುವೆಯಾಗಿ 9 ವರ್ಷ ಕಳೆದರೂ ಮಕ್ಕಳಿಲ್ಲದ ಸೊಸೆ ಅಲ್ಲಿಯೇ ಪಾತ್ರೆ ತೊಳೆಯುತ್ತಿದ್ದಳು. ಮಾತು ಗಿಡವನ್ನು ಕುರಿತದ್ದೇ ಇರಬಹುದು, ಕೇಳಿಸಿಕೊಂಡವಳು ಸೊಸೆ.

ಆಕೆ ಮರುಮಾತಾಡಲಿಲ್ಲ. ತವರಿನ ನಿಂಬೆಯ ತೋಟದಲ್ಲಿ ಆಡಿ ಬೆಳೆದವಳಾದುದರಿಂದ ಕಾರಣವನ್ನು ಹುಡುಕತೊಡಗಿದಳು. ಬೀಜದಿಂದ ಎದ್ದ ನಿಂಬೆ ಫಲಕ್ಕೆ ಬರಲು 4-5 ವರ್ಷ ಬೇಕು. ಆ ಅವಧಿ ಕಳೆದಿತ್ತು. ಕಸಿಯ ಗಿಡವಾದರೆ ಕಸಿಯ ಕೆಳಗಿನಿಂದ ಎದ್ದ ಚಿಗುರು ಮೇಲಿನ ಒಳ್ಳೆಯ ತಳಿಯನ್ನು ಅಡಗಿಸುವುದುಂಟು. ಇದು ಕಸಿಯೇ ಅಲ್ಲ. ಬಿಸಿಲಿಗಂತೂ ಆ ಸೀಮೆಯಲ್ಲಿ ಬರವಿಲ್ಲ. ಗಂಡು ಗಿಡವೆಂಬ ಮಾತೂ ನಿಲ್ಲದು. ನಿಂಬೆಯಲ್ಲಿ ಗಂಡು ಹೆಣ್ಣೆಂಬ ಬೇರೆ ಬೇರೆ ಗಿಡಗಳಿಲ್ಲ.

ಉಳಿದದ್ದು ನೀರು. ಬಚ್ಚಲ ನೀರು ವರ್ಷವಿಡೀ ಆ ಗಿಡದ ಬುಡಕ್ಕೇ ಹರಿಯುತ್ತಿತ್ತು. ಅದರ ಮೇಲೆ ತಿಂಗಳು ತಿಂಗಳು ಸಗಣಿ ಗೊಬ್ಬರ, ಆಗಾಗ ಒಂದು ಹಿಡಿ ಯೂರಿಯಾ. (ಅಕ್ಕರೆ ಹೆಚ್ಚಾದ ಮನೆಗಳಲ್ಲಿಯೇ ಈ ತೊಂದರೆ ಹೆಚ್ಚೆಂದು ತೋರುತ್ತದೆ.) ಎಲೆ ಚಿಗುರುವುದಕ್ಕೆ ನೀರೂ ಸಾರಜನಕವೂ ಬೇಕು, ನಿಜ. ಆದರೆ ಹೂವಿಗೆ ಮುನ್ನ ನಿಂಬೆಗೆ ಬಿಡುವು ಬೇಕು. ತೋಟಗಾರರು 'ಬಹಾರ' ಹಿಡಿಯುವುದು ಎನ್ನುವುದು ಇದನ್ನೇ. ಹಗುರ ಮಣ್ಣಿನಲ್ಲಿ ಎರಡು ಮೂರು ವಾರ, ಎರೆಮಣ್ಣಿನಲ್ಲಿ ಇನ್ನೂ ಹೆಚ್ಚು ಕಾಲ ನೀರು ನಿಲ್ಲಿಸುತ್ತಾರೆ. ಎಲೆ ಬಾಡಿ ಕೆಲವು ಉದುರಿದ ಮೇಲೆ ಗೊಬ್ಬರ ಕೊಟ್ಟು ಮತ್ತೆ ನೀರು ಹಾಯಿಸಿದರೆ ಚಿಗುರಿನೊಡನೆ ಹೂವೂ ಬರುತ್ತದೆ. ಸದಾ ಉಣ್ಣುತ್ತಲೇ ಇರುವ ಗಿಡವು ಎಲೆಯನ್ನೇ ಬೆಳೆಸುತ್ತ ಹೋಗುತ್ತದೆ.

ಮಾರ್ಗಶಿರ ಮಾಸದ ಕೊನೆಯಲ್ಲಿ ಸೊಸೆ ಬಚ್ಚಲ ಕಾಲುವೆಯನ್ನು ಬೇರೆಡೆಗೆ ತಿರುಗಿಸಿದಳು. ಎಲೆಗಳು ಜೋತುಬಿದ್ದಾಗ ಅತ್ತೆಯವರಿಗೇ ಸಂಕಟವಾಯಿತು. ಕಡಿಯೆಂದವರೂ ಅವರೇ!

"ಸಾಯ್ತದವಾ, ಒಂದು ಕೊಡಾ ನೀರ್ ಹಾಕು."

"ಇನ್ನ ಎಂಟ ದಿನಾ ತಡೀರಿ, ಅತ್ತೀ."

ಮಾಘದಲ್ಲಿ ನೀರು ಕೊಟ್ಟ ಮೂರನೆಯ ವಾರ ಬಿಳಿಯ ಮೊಗ್ಗುಗಳು ಕಂಡವು. ಬಹಳಷ್ಟು ಉದುರಿಯೂ ಹೋದವು. ಮುಂಗಾರಿನ ಹೊತ್ತಿಗೆ 40ರಷ್ಟು ಕಾಯಿ ನಿಂತಿದ್ದವು. ಅತ್ತೆಯವರು ಅವನ್ನು ತಾವೇ ಹೆಚ್ಚಿ, ಉಪ್ಪು ಬೆರೆಸಿ ಭರಣಿಗೆ ತುಂಬಿದರು. ಆ ಮಾತನ್ನು ಅವರು ಮತ್ತೆ ಆಡಲಿಲ್ಲ. ಆಡಿದ್ದರ ಬಗ್ಗೆ ಏನನ್ನೂ ಹೇಳಲೂ ಇಲ್ಲ. ಸೊಸೆಗೆ ಇನ್ನೂ ಮಕ್ಕಳಾಗಿಲ್ಲ. ಬಚ್ಚಲ ನೀರು ಈಗ ಬಾಳೆಗೆ ಹರಿಯುತ್ತದೆ.