ಕರಿಬೇವಿನ ಎಲಿ ಹಳದಿ ಆದದ್ದು

ಹೋದ ವರ್ಷ ಮಿರಗದ ಮಳಿ ಹಿಡದಾಗ ಮಗಳು ನವಲಗುಂದದಿಂದ ಬಂದಿದ್ಲು. ಹೋಗೂಮುಂದ ಹಿತ್ತಲದಾಗಿನ ಕರಿಬೇವಿನ ಬುಡಕ್ಕ ಎದ್ದಿದ್ದ ಒಂದು ಮರಿ ಬೇರು ಸಮೇತ ಕಿತ್ತು, ಹಸಿ ಚೀಲದಾಗ ಸುತ್ತಿ ಕೊಟ್ಟೆ. ಆ ಗಿಡ ನಮ್ಮ ಅತ್ತಿ ಹಚ್ಚಿದ್ದು. ನಮ್ಮ ಓಣ್ಯಾಗ ಅದರ ಎಲಿ ಬೀಳದ ಒಗ್ಗರಣಿ ಇಲ್ಲ.

ಎರಡು ತಿಂಗಳಿಗೆ ಫೋನ್ ಬಂತು. "ಅವ್ವಾ, ಎಲಿ ಹಳದಿ ಆಗಾಕತ್ಯಾವ." ನಾನು ಯೋಚನೆ ಸೈತ ಮಾಡಲಿಲ್ಲ, "ಹಂಡೆ ಒಲಿ ಬೂದಿ ಒಂದು ಬೊಗಸಿ ಹಾಕು" ಅಂದೆ. ಇಲ್ಲಿ ನಾವು ಹಾಕ್ತೀವಿ, ಗಿಡ ಚಲೋ ಬರ್ತಾವ. ಆಕಿ ಹಾಕಿದ್ಲು. ಮತ್ತಷ್ಟು ಹಳದಿ ಆತು. ಮತ್ತೊಂದು ಬೊಗಸಿ ಹಾಕು ಅಂದೆ. ಕಡೀಕ ಚಿಗುರು ಬೆಳ್ಳಗ ಕಾಗದದಂಗ ಆಗಿ ತುದಿ ಸುಟ್ಟವು.

ಆವಾಗ ಬೀಗತಿಯವರು ಒಂದು ಮಾತು ಅಂದ್ರಂತ: "ನಿನ್ನ ಕೈಗುಣ ನೋಡು, ಹಚ್ಚಿದ್ದೊಂದೂ ಉಳಿಯೂದಿಲ್ಲ." ಅವರು ಕೆಟ್ಟವರಲ್ಲ, ಬಾಯಿಗೆ ಬಂದದ್ದು ಅಂದುಬಿಡ್ತಾರ. ಆದ್ರ ಅದರ ಹಿಂದಿನ ವರ್ಷ ನನ್ನ ಮಗಳು ದವಾಖಾನಿಯಿಂದ ಬರಿಗೈಲೆ ಮನಿಗೆ ಬಂದಾಕಿ. ಆ ಮಾತು ಎಲ್ಲಿ ಹೋಗಿ ನಟ್ಟಿತು ಅನ್ನೂದನ್ನ ಇದನ್ನ ಓದೋ ಹೆಣ್ಮಕ್ಕಳಿಗೆ ಬಿಡಿಸಿ ಹೇಳೂದು ಬ್ಯಾಡ. ಫೋನಿನ್ಯಾಗ ಆಕಿ ಅಳಲಿಲ್ಲ. "ಇರಲಿ ಬಿಡವ್ವಾ, ಕಿತ್ತು ಒಗೀತೀನಿ" ಅಂದ್ಲು. ನನಗ ರಾತ್ರಿ ನಿದ್ದಿ ಹತ್ತಲಿಲ್ಲ.

ಸೆಪ್ಟೆಂಬರದಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕ ನಮ್ಮವರ ಸಂಗಾತ ಹೋದೆ. ಮಗಳು ಕಳಿಸಿದ್ದ ಎಲಿ ಡಬ್ಬಿಯೊಳಗ ಇಟಗೊಂಡು ಹೋಗಿದ್ದೆ. ಅಲ್ಲಿ ಒಬ್ಬರು ಸರ್ ನೋಡಿ ಮೊದಲು ಕೇಳಿದ್ದು ಒಂದ ಪ್ರಶ್ನೆ: "ಇದು ಕೆಳಗಿನ ಎಲಿನೋ, ಮ್ಯಾಲಿನ ಎಲಿನೋ?" ಇಷ್ಟು ವರ್ಷ ಗಿಡ ಸಾಕೀನಿ, ಹಳದಿ ಅಂದ್ರ ಹಳದಿ ಅಂತಿದ್ದೆ. ಎಲ್ಲಿ ಹಳದಿ ಅಂತ ನೋಡಿರಲಿಲ್ಲ.

ಅವರು ಹೇಳಿದ್ದನ್ನ ನನ್ನ ಮಾತಿನ್ಯಾಗ ಹೇಳ್ತೀನಿ. ಸಾರಜನಕ ಕಡಿಮಿ ಆದ್ರ ಕೆಳಗಿನ ಹಳೀ ಎಲಿ ಮೊದಲು ಪೂರಾ ಹಳದಿ ಆಗ್ತಾವ. ತಾಯಿ ತನ್ನ ತಾಟಿನ್ಯಾಗಿನ ರೊಟ್ಟಿ ಮಗೂಗ ಸರಿಸಿದಂಗ, ಹಳೀ ಎಲಿ ತನ್ನಲ್ಲಿರೂದನ್ನ ಚಿಗುರಿಗೆ ಕಳಿಸ್ತದ. ಮೆಗ್ನೀಸಿಯಂ ಕಡಿಮಿ ಆದ್ರೂ ಹಳೀ ಎಲೀನ, ಆದ್ರ ನರ ಹಸರ ಉಳದು ನಡುವ ಹಳದಿ ಬರ್ತದ. ಪೊಟ್ಯಾಷ್ ಕಡಿಮಿ ಆದ್ರ ಹಳೀ ಎಲಿ ಅಂಚು ಸುಡ್ತದ. ಕಬ್ಬಿಣಂದು ಹಂಗಲ್ಲ. ಹಳೀ ಎಲಿಯೊಳಗ ಕುಂತ ಕಬ್ಬಿಣ ಅಲ್ಲೇ ಇರ್ತದ, ಚಿಗುರಿಗೆ ಹೋಗೂದಿಲ್ಲ. ಅದಕ್ಕ ಕೂಸಿನಂಥಾ ಎಳೀ ಎಲಿ ಮೊದಲು ಬಿಳಚ್ತಾವ, ನರ ಅಷ್ಟ ಹಸರ. ಮಗಳ ಗಿಡದ್ದು ಇದ.

"ಮಣ್ಣಾಗ ಕಬ್ಬಿಣ ಇಲ್ಲೇನ್ರಿ?" ಅಂದೆ. "ಬೇಕಾದಷ್ಟು ಐತಿ, ಗಿಡಕ್ಕ ಸಿಗವಲ್ದು" ಅಂದ್ರು. ನವಲಗುಂದದ್ದು ಎರಿ ಮಣ್ಣು, ಅದರಾಗ ಸುಣ್ಣದ ಅಂಶ ಇರ್ತದ. ಮಣ್ಣಿನ ರಸಸಾರ ಅಂತ ಒಂದು ಅಳತಿ ಐತಿ, 7 ಅಂದ್ರ ಸಮ, ಅದಕ್ಕಿಂತ ಕಡಿಮಿ ಆದ್ರ ಹುಳಿ, ಹೆಚ್ಚಾದ್ರ ಕ್ಷಾರ. ಅದು ಏಳೂವರಿ ದಾಟಿತಂದ್ರ ಕಬ್ಬಿಣ ಗಿಡಕ್ಕ ಸಿಗೂದು ಕಡಿಮಿ ಆಗ್ತದ. ಟ್ರಂಕಿನ್ಯಾಗ ಬಂಗಾರ ಐತಿ, ಕೀಲಿ ಕಳದೈತಿ, ಹಂಗ. ನಮ್ಮ ಅಳ್ನಾವರದಾಗ ಮಸಾರಿ ಮಣ್ಣು, ಕಾಡಿನ ಅಂಚು, ಮಳಿ ಜೋರು. ಮಳಿ ಸುಣ್ಣದ ಅಂಶ ತೊಳಕೊಂಡು ಹೋಗಿ ಮಣ್ಣು ಹುಳಿ ಕಡೆ ವಾಲ್ತದ. ಹುಳಿ ಮಣ್ಣಿಗೆ ಒಂಚೂರು ಬೂದಿ ಔಷಧ ಆದಂಗ. ಕ್ಷಾರ ಇರೋ ಎರಿಗೆ ಬೂದಿ ಹಾಕೂದಂದ್ರ ಉರಿಯೂದಕ್ಕ ಎಣ್ಣಿ ಸುರದಂಗ.

ಮನಿಗೆ ಬಂದು ಖಾತ್ರಿ ಮಾಡಕೊಂಡೆ. ಬೂದಿ ನೀರಿನ್ಯಾಗ ಕಲಸಿ ಸೋಸಿ ಚಿಟಿಕಿ ಅರಿಶಿಣ ಹಾಕಿದೆ, ಕುಂಕುಮದಂಗ ಕೆಂಪಾತು. ಅರಿಶಿಣಕ್ಕ ಸುಣ್ಣ ಕೂಡಿಸಿ ಕುಂಕುಮ ಮಾಡ್ತಿದ್ದ ನಮ್ಮ ಅಜ್ಜಿಗೆ ಈ ವಿದ್ಯಾ ಗೊತ್ತಿತ್ತು, ನನಗ ಹೊಳೀಲಿಲ್ಲ. ಮಗಳಿಗೆ ಅಲ್ಲಿ ಒಣಮಣ್ಣಿನ ಮ್ಯಾಲೆ ಲಿಂಬಿಹಣ್ಣು ಹಿಂಡಾಕ ಹೇಳಿದೆ. ಚುರ್ ಅಂತ ನೊರಿ ಬಂತಂತ. ಅಂದ್ರ ಸುಣ್ಣ ಐತಿ. ಸರಿಯಾದ ಅಂಕಿ ಬೇಕಂದ್ರ ಮಣ್ಣು ಪರೀಕ್ಷಾಕ್ಕ ಕೊಡಬೇಕು, ಇಂಥಾ ಅಡಗಿಮನಿ ಪರೀಕ್ಷಾ ಬರೇ ದಿಕ್ಕು ತೋರಸ್ತದ.

ಮರುವಾರ ನಾನ ಹೊಂಟೆ. ಗೊಬ್ಬರದ ಚೀಲದಾಗ ನಮ್ಮ ಹಿತ್ತಲದ ಮಸಾರಿ ಮಣ್ಣು ತುಂಬಿಕೊಂಡು ಅಳ್ನಾವರದಿಂದ ಧಾರವಾಡ, ಹುಬ್ಬಳ್ಳಿ, ಅಲ್ಲಿಂದ ನವಲಗುಂದ. ಕಂಡಕ್ಟರ್ "ಏನವ್ವಾ, ಜ್ವಾಳ ಏನು?" ಅಂತ ಚೀಲ ಎತ್ತಿ ನೋಡಿ "ಕಲ್ಲು ತುಂಬೀಯೇನ" ಅಂದ. ಹೋದ ಮ್ಯಾಲೆ ಬೀಗತಿಯವರು ಚಹಾ ಕೊಡೂದ್ರಾಗ ಹೇಳಿಬಿಟ್ಟೆ: "ಅಕ್ಕಾರ, ಗಿಡ ಕೆಡಿಸಿದಾಕಿ ನಾನು. ಬೂದಿ ಹಾಕು ಅಂದಾಕಿ ನಾನು. ಆಕಿ ಕೈಗೆ ಏನೂ ಆಗಿಲ್ಲ." ಅವರು ಬಟ್ಟಲಾ ಹಿಡಕೊಂಡು ಸುಮ್ಮನ ಕುಂತ್ರು. ಮಗಳು ಒಳಗ ಹೋದ್ಲು.

ಆಮ್ಯಾಲೆ ಬೀಗತಿಯವರ ಎದ್ದು ಒಂದು ದೊಡ್ಡ ಡ್ರಮ್ ಹುಡುಕಿ ತಂದ್ರು. ತಳಕ್ಕ ತೂತು ಮಾಡಿ, ಮಸಾರಿ ಮಣ್ಣು, ಸಗಣಿ ಗೊಬ್ಬರ ಕೂಡಿಸಿ, ಬೇರು ತೊಳದು ಹಚ್ಚಿದ್ವಿ. ಅಲ್ಲಿ ಬೋರಿನ ನೀರು ಬಕೀಟಿಗೆ ಬಿಳೀ ಪೊರಿ ಕಟ್ಟಸ್ತದ. ಅದನ್ನ ಹಾಕಿದ್ರ ಮತ್ತ ಅದ ಹಾಡು, ಆದಷ್ಟು ಮಳಿ ನೀರು ಹಿಡದಿಡು ಅಂದೆ. ದಿನಾ ನೀರು ಹಾಕೂದೂ ಬಿಡು ಅಂದೆ, ಬೇರು ಹಸಿಯೊಳಗ ಉಸಿರುಗಟ್ಟಿದ್ರೂ ಚಿಗುರು ಹಂಗ ಬಿಳಚ್ತದ. ಅನ್ನಭೇದಿ 5 ಗ್ರಾಂ ಒಂದು ಲೀಟರ್ ನೀರಿಗೆ, ಅರ್ಧ ಲಿಂಬಿಹಣ್ಣು ಹಿಂಡಿ, ಸೋಸಿ, ಸಂಜೀಕ ಎಲಿಗೆ ಸಿಂಪಡಿಸಿದ್ವಿ. ಹತ್ತು ದಿನಕ್ಕೊಮ್ಮೆ ಮೂರು ಸಲ. ಆ ಎಲಿ ಅಷ್ಟು ದಿನ ಅಡಗಿಗೆ ಬ್ಯಾಡ. ನಮ್ಮ ಮಂದಿ ಬುಡಕ್ಕ ಮೊಳಿ ಹೊಡೀತಾರಲ್ಲ, ಎರಿ ಮಣ್ಣಿನ್ಯಾಗ ಆ ತುಕ್ಕೂ ಕೀಲಿ ಹಾಕಿದ ಟ್ರಂಕಿಗೇ ಸೇರ್ತದ. ಹುಳಿಮಜ್ಜಿಗಿ ಹಾಕಬಹುದು, ಅದಕ್ಕ ಸುಣ್ಣದ ಮಣ್ಣು ಬಗ್ಗೂದಿಲ್ಲ ಅಷ್ಟ.

ಯುಗಾದಿಗೆ ಮಗಳು ಫೋಟೋ ಕಳಿಸಿದ್ಲು. ಹಳೀ ಎಲಿ ಕೆಲವು ಹಂಗ ಉದುರ್ಯಾವ, ಮ್ಯಾಲಿನ ಮೂರು ಕಡ್ಡಿ ಕರ್ರಗ ಹಸರ. ಪಕ್ಕದಾಗ ಬೀಗತಿಯವರು ನಿಂತಾರ. ಅನ್ನಭೇದಿ ನೀರು ಬಿದ್ದು ಕಟ್ಟಿ ಮ್ಯಾಲೆ ಕಂದು ಕಲೆ ಕುಂತಾವ, ಎಷ್ಟು ತಿಕ್ಕಿದ್ರೂ ಹೋಗವಲ್ವು ಅಂತ ಫೋನಿನ್ಯಾಗ ನನಗ ಬೈದ್ರು. ಬೈದು ಮುಗಿಸಿ, ಅವರ ತಂಗಿ ಮನಿ ಅಣ್ಣಿಗೇರಿಯೊಳಗ ದಾಸಾಳದ ಎಲೀನೂ ಬಿಳಚ್ಯಾವಂತ, ಕೆಳಗಿನವೋ ಮ್ಯಾಲಿನವೋ ಕೇಳಿ ಹೇಳ್ತೀನಿ ಅಂದ್ರು.