ನೀರು ನಡೆಸುವ ಕೆಲಸ

ಕಾವೇರಿಯ ಮೇಲೆ ಕಾವೇರಿಯ ನೀರೇ ಸೇತುವೆ ದಾಟಿ ಹೋಗುವುದನ್ನು ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಹೇಳುವ ಬಂಗಾರದೊಡ್ಡಿ ನಾಲೆ ಹೊಳೆಯಿಂದ ಹೊರಟು, ಅದೇ ಹೊಳೆಯ ಕವಲೊಂದನ್ನು ಮೇಲಿನಿಂದ ದಾಟಿ ದ್ವೀಪದೊಳಕ್ಕೆ ಬರುತ್ತದೆ. ಹದಿನೇಳನೇ ಶತಮಾನದಲ್ಲಿ ಪಂಪೂ ಇಲ್ಲ, ಕರೆಂಟೂ ಇಲ್ಲ. ನೀರನ್ನು ಅಷ್ಟೆತ್ತರಕ್ಕೆ ಎತ್ತಿದವರು ಯಾರು? ಯಾರೂ ಎತ್ತಲಿಲ್ಲ. ಹೊಳೆ ಇಳಿದಷ್ಟು ಬೇಗ ನಾಲೆಯನ್ನು ಇಳಿಯಗೊಡಲಿಲ್ಲ, ಅಷ್ಟೆ.

ನೀರಾವರಿ ಕೆಲಸಕ್ಕೆ ಸೇರುವವನಿಗೆ ಮೊದಲು ಗೊತ್ತಿರಬೇಕಾದ್ದು ಇದೇ: ವಾಟ. ಹೊಳೆ ತಗ್ಗು ಹುಡುಕಿಕೊಂಡು ಧುಮುಕುತ್ತದೆ. ಪಕ್ಕದಲ್ಲೇ ಹೊರಟ ನಾಲೆ ಗುಡ್ಡದ ಮಗ್ಗುಲನ್ನು ಬಳಸಿಕೊಂಡು ಕಂಡೂ ಕಾಣದಷ್ಟು ಇಳಿಯುತ್ತದೆ. ಹೋಗುತ್ತಾ ಹೋಗುತ್ತಾ ಎರಡರ ನಡುವೆ ಅಂತರ ಬೆಳೆಯುತ್ತದೆ, ಆ ಅಂತರದಲ್ಲಿ ಸಿಕ್ಕ ಭೂಮಿಯೇ ಅಚ್ಚುಕಟ್ಟು. ಪಾಂಡವಪುರದ ಕಡೆ ಬಸ್ಸಿನ ಕಿಟಕಿಯಲ್ಲಿ ಕೂತವರಿಗೂ ಇದು ಕಾಣುತ್ತದೆ: ನಾಲೆಯ ಕೆಳಗಡೆ ಭತ್ತ, ಕಬ್ಬು, ಮೇಲ್ಗಡೆ ರಾಗಿ, ಹುರುಳಿ. ಮಣ್ಣು ಒಂದೇ, ಮಳೆ ಒಂದೇ. ಏರಿಯ ಯಾವ ಬದಿಗೆ ತಾತ ಜಮೀನು ಕೊಂಡಿದ್ದ ಎನ್ನುವುದರ ಮೇಲೆ ಮೊಮ್ಮಕ್ಕಳ ಮದುವೆ ಸಂಬಂಧಗಳೇ ಬೇರೆಯಾಗಿವೆ.

ಈ ಲೇಖಕನ ತಾತ ಜಮೀನು ಕೊಂಡವನಲ್ಲ, ನೀರು ಬಿಡುತ್ತಿದ್ದವನು. ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಕೆರೆಗೆ ನೀರುಗಂಟಿ. ಸಂಬಳವೆಂಬುದಿರಲಿಲ್ಲ; ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಆಯದ ಭತ್ತ ತರುತ್ತಿದ್ದ. ತೂಬಿನ ಕಲ್ಲುಗಳ ನಡುವೆ ಇಳಿದು ಬಿರಡೆ ಎತ್ತುವುದು, ಗದ್ದೆ ಸುತ್ತುವುದು, ಮಡೆ ಕಟ್ಟುವುದು, ಬೈಸಿಕೊಳ್ಳುವುದು: ಇವಿಷ್ಟು ಕೆಲಸ. ಅವನಿಗೊಂದು ಹಟವಿತ್ತು. ನೀರು ಮೊದಲು ಹೋಗಬೇಕಾದ್ದು ಕಟ್ಟಕಡೆಯ ಗದ್ದೆಗೆ. ತೂಬಿನ ಬುಡದವನು ಗೌಡನಾದರೂ ಸರಿ, ಕಾಯಬೇಕು. ಮೊಮ್ಮಗ ಕಾಲುವೆಯ ಮಡೆಯನ್ನು ಒಂದೇ ಸಲಕ್ಕೆ ಒಡೆದು ನೀರು ಭೋರೆಂದು ನುಗ್ಗುವುದನ್ನು ನೋಡಿ ಕುಣಿದಾಗ ತಾತ ಗದರಿದ್ದ: “ನೀರ್ನ ಓಡುಸ್ಬಾರ್ದು ಕಣ್ಲಾ, ನಡುಸ್ಬೇಕು.”

ಎಂಜಿನಿಯರಿಂಗ್ ಪುಸ್ತಕ ಇದನ್ನೇ ಎರಡು ಬಗೆಯ ವೇಗವೆಂದು ಬರೆಯುತ್ತದೆ. ನೀರು ತೀರಾ ಜೋರಾದರೆ ದಂಡೆ ಕೊರೆಯುತ್ತದೆ, ತೀರಾ ನಿಧಾನವಾದರೆ ಹೂಳು ಕೂರುತ್ತದೆ. ನಾಲೆಯ ಅಗಲ, ಆಳ, ವಾಟ ಎಲ್ಲವೂ ಈ ಎರಡರ ನಡುವಿನ ಹದಕ್ಕಾಗಿ ಮಾಡಿಕೊಂಡ ಲೆಕ್ಕ.

ಆ ಹದ ಅಳೆಯಲು ದೊಡ್ಡ ಯಂತ್ರವೇನೂ ಬೇಡ. ನೇರವಾಗಿ ಹರಿಯುವ ಕಡೆ ದಂಡೆಯ ಮೇಲೆ 20 ಮೀಟರ್ ಗುರುತು ಹಾಕಿ ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟರೆ ಸಾಕು. (ಎಲೆ ಬೇಡ, ಗಾಳಿ ತಳ್ಳಿ ಸುಳ್ಳು ಹೇಳಿಸುತ್ತದೆ.) ಹಣ್ಣು 40 ಸೆಕೆಂಡಿಗೆ ದಾಟಿದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳ, ದಂಡೆ ತಾಗುವ ನೀರು ಮೇಲಿನದಕ್ಕಿಂತ ನಿಧಾನ, ಆದ್ದರಿಂದ 0.85ರಿಂದ ಗುಣಿಸಬೇಕು. ಕಾಲುವೆ ಎರಡು ಮೀಟರ್ ಅಗಲ, ಅರ್ಧ ಮೀಟರ್ ಆಳ ಇದ್ದರೆ ಸೆಕೆಂಡಿಗೆ 425 ಲೀಟರ್, ಅಂದರೆ ಸುಮಾರು 15 ಕ್ಯೂಸೆಕ್. ಒಂದು ಕ್ಯೂಸೆಕ್ ಹಗಲೂ ರಾತ್ರಿ ಒಂದು ದಿನ ಹರಿದರೆ ಎರಡು ಎಕರೆಯಲ್ಲಿ ಹತ್ತಿರಹತ್ತಿರ ಒಂದು ಅಡಿ ನೀರು ನಿಲ್ಲುತ್ತದೆ. ಮಂಡ್ಯ ಜಿಲ್ಲೆಯವರು ಬೆಳಿಗ್ಗೆ ಪೇಪರು ಬಿಡಿಸಿ ಕನ್ನಂಬಾಡಿಯಲ್ಲಿ, ಅಂದರೆ ಕೃಷ್ಣರಾಜಸಾಗರದಲ್ಲಿ, ಎಷ್ಟು ಅಡಿ ಎಂದು ನೋಡುವುದು ಹುಟ್ಟುಗುಣ, 124.80 ಅಡಿ ತುಂಬಿದರೆ 49.45 ಟಿಎಂಸಿ ಎಂದು ಹೋಟೆಲಿನ ಮಾಣಿಯೂ ಹೇಳಿಯಾನು. ಒಂದು ಟಿಎಂಸಿ ಎಂದರೆ ಒಂದು ದಿನವಿಡೀ ಹರಿದ 11,574 ಕ್ಯೂಸೆಕ್ ಎಂದು ಮಾತ್ರ ಯಾರೂ ಕೂಡಿಸಿ ಕಳೆದು ನೋಡುವುದಿಲ್ಲ. ನೋಡಿದ್ದರೆ ಅರಳಿಕಟ್ಟೆಯ ಅರ್ಧ ಜಗಳ ಬೇರೆ ದಾರಿ ಹಿಡಿಯುತ್ತಿತ್ತು.

ಹೊಳೆಯ ನೀರನ್ನು ನಾಲೆಗೆ ತಿರುಗಿಸುವುದರಲ್ಲಿ ಕೆ.ಆರ್. ಪೇಟೆಯದು ಇನ್ನೊಂದು ರೀತಿ. ಅಲ್ಲಿ ಹೇಮಾವತಿಗೆ ಹೇಮಗಿರಿಯಲ್ಲೊಂದು ಅಣೆ, ಮಂದಗೆರೆಯಲ್ಲೊಂದು. ಅಣೆ ನೀರನ್ನು ಕೂಡಿಡುವುದಿಲ್ಲ, ನಾಲೆಯ ಬಾಯಿಗೆ ಎಟುಕುವಷ್ಟು ಎತ್ತರಿಸುತ್ತದೆ. ಮಿಕ್ಕದ್ದು ಅದರ ನೆತ್ತಿಯ ಮೇಲೆ ಹಾಯ್ದು ಹೋಗುತ್ತದೆ. ಹೊಳೆ ಬಂದರೆ ಉಂಟು, ಬತ್ತಿದರೆ ಇಲ್ಲ. ಆ ಮಟ್ಟಿಗೆ ಅದು ಪ್ರಾಮಾಣಿಕ ಕಟ್ಟಡ.

1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಈ ಲೆಕ್ಕವನ್ನು ಬದಲಿಸಿತು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆಯ ಹಿಂದೆ ಮಳೆಗಾಲದ ನೀರು ಬೇಸಿಗೆಗೂ ಉಳಿಯಿತು. ಅಲ್ಲಿಂದ ಹೊರಟ ನಾಲೆಗೆ ಮೊದಲು ವೈಸರಾಯ್ ಇರ್ವಿನ್ನನ ಹೆಸರು, ಆಮೇಲೆ ವಿಶ್ವೇಶ್ವರಯ್ಯನವರದು. ಹುಲಿಕೆರೆಯ ಹತ್ತಿರ ಅಡ್ಡ ನಿಂತ ದಿಣ್ಣೆಯನ್ನು ಬಳಸದೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು ನೀರನ್ನು ಮಂಡ್ಯದ ಬಯಲಿಗೆ ದಾಟಿಸಿದರು. 1933ಕ್ಕೆ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಅಚ್ಚುಕಟ್ಟನ್ನು ಬ್ಲಾಕುಗಳಾಗಿ ಒಡೆದು ಭತ್ತ, ಕಬ್ಬು, ಅರೆ ನೀರಾವರಿ ಬೆಳೆಗಳನ್ನು ಸರದಿಯಲ್ಲಿ ತಿರುಗಿಸಬೇಕೆಂಬ ಕ್ರಮವನ್ನೂ ಮಾಡಿದ್ದರು. ಕ್ರಮ ಚೆನ್ನಾಗಿಯೇ ಇತ್ತು. ಆದರೆ ಮನೆ ಮುಂದೆ ನೀರು ಹರಿಯುವಾಗ ರಾಗಿ ಬಿತ್ತು ಎಂದರೆ ಯಾರು ಕೇಳುತ್ತಾರೆ? ಬೇಕಾದ್ದಕ್ಕಿಂತ ಹೆಚ್ಚು ನೀರು ಕುಡಿದ ತಗ್ಗಿನ ಗದ್ದೆಗಳಲ್ಲಿ ಉಪ್ಪು ಮೇಲೆದ್ದು ಚೌಳಾಯಿತು. ನೀರು ತರುವ ನಾಲೆಯ ಉದ್ಘಾಟನೆಗೆ ಮಂತ್ರಿ ಬರುತ್ತಾರೆ. ನೀರು ಹೊರಹಾಕುವ ಬಸಿಗಾಲುವೆಯ ಹೂಳೆತ್ತಲು ಯಾರೂ ಬರುವುದಿಲ್ಲ. ಈಗ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು: ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ನಿಲ್ಲಿಸುವ ದಿನ ಗೇಟಿನ ಹತ್ತಿರ ನಿಂತವನ ಪಾಡು ತಾತನ ಪಾಡಿಗಿಂತ ಬೇರೆಯೇನಲ್ಲ.

ಮನೆತನದ ಕಸುಬು ಲೇಖಕನನ್ನು ಹಾರಿ ಅಕ್ಕನ ಮಗನಿಗೆ ಹೋಗಿದೆ. ಹುಡುಗ ತರಬೇತಿ ಮುಗಿಸಿ ನಾಗಮಂಗಲದ ಕಡೆ ಡ್ರಿಪ್ ಹಾಕುತ್ತಾನೆ. ಗೊರೂರಿನಿಂದ ಬರುವ ಹೇಮಾವತಿಯ ಶಾಖಾ ಕಾಲುವೆ ಆ ತಾಲ್ಲೂಕಿಗೂ ಇದೆ, ಆದರೂ ಬಹಳಷ್ಟು ತೆಂಗಿನ ತೋಟಗಳ ಜೀವ ಕೊಳವೆಬಾವಿಯಲ್ಲೇ. ಬಾವಿಯ ನೀರಿನ ಜೊತೆ ಮರಳು ಬಂದರೆ ಮೊದಲು ಮರಳು ಬೇರ್ಪಡಿಸುವ ಫಿಲ್ಟರ್, ಆಮೇಲೆ ಜಾಲರಿ ಫಿಲ್ಟರ್. ಫಿಲ್ಟರಿನ ಹಿಂದೊಂದು ಮುಂದೊಂದು ಪ್ರೆಶರ್ ಗೇಜು; ಎರಡರ ವ್ಯತ್ಯಾಸ ಏರಿತೆಂದರೆ ಜಾಲರಿ ಕಟ್ಟಿದೆ, ತೊಳೆಯಬೇಕು. ಅಲ್ಲಿಂದ ಮುಂದೆ ಪಿವಿಸಿ ಪೈಪು, ಅದರಿಂದ 16 ಎಂಎಂ ಕರಿಪೈಪು, ಅದರಲ್ಲಿ ಗಂಟೆಗೆ 4 ಲೀಟರ್ ತೊಟ್ಟಿಕ್ಕುವ ಡ್ರಿಪ್ಪರು. ಮರಕ್ಕೆ ನಾಲ್ಕು ಡ್ರಿಪ್ಪರು, ನಾಲ್ಕು ಗಂಟೆ: 64 ಲೀಟರ್. ಬಾಯಿಪಾಠದಂತೆ ಒಪ್ಪಿಸುತ್ತಾನೆ.

“ಮಾವ, ಕೆಲ್ಸ ಸರಿಯಾಗದೋ ಇಲ್ವೋ ಅಂತ ಹೆಂಗ್ ನೋಡದು ಹೇಳಿ?” ಎಂದು ಒಮ್ಮೆ ಪರೀಕ್ಷೆಗಿಟ್ಟ. ಮಾವನಿಗೆ ಗೊತ್ತಿರಲಿಲ್ಲ. ಮೊದಲ ಮರದ ಬುಡಕ್ಕೊಂದು ಲೋಟ, ಕಟ್ಟಕಡೆಯ ಮರದ ಬುಡಕ್ಕೊಂದು ಲೋಟ, ಎರಡೂ ಒಂದೇ ಹೊತ್ತಿಗೆ ಒಂದೇ ಮಟ್ಟ ತುಂಬಬೇಕಂತೆ. ತಾತನಿಗೆ ಈ ಲೋಟದ ಪರೀಕ್ಷೆ ಬಹಳ ಹಿಡಿಸುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅಳಿಯನ ಬೈಕಿನ ಹಿಂದೆ ಕೂತು ಲೇಖಕ ಒಂದು ತೋಟಕ್ಕೆ ಹೋದ. ಕೊನೆಯ ಸಾಲಿನ ಗರಿಗಳು ಜೋತುಬಿದ್ದಿವೆ, ಕಂಪನಿ ಮಾಲು ಸರಿಯಿಲ್ಲ ಎಂದು ತೋಟದವರ ದೂರು. ಹುಡುಗ ಗೇಜು ನೋಡಿದ, ಪೈಪಿನ ತುದಿಯ ಮುಚ್ಚಳ ಬಿಚ್ಚಿ ಕಸ ಹೊರಬಿಟ್ಟ, ಆಮೇಲೆ ಬಾವಿಯ ಹತ್ತಿರದ ಮರಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕರಿಪೈಪನ್ನು ಬೆರಳಲ್ಲಿ ಸವರಿಕೊಂಡು ಹೋದ. ಡ್ರಿಪ್ಪರಿನ ಪಕ್ಕದಲ್ಲೆಲ್ಲಾ ಗೋಣಿ ಹೊಲಿಯುವ ದಬ್ಬಳದ ತೂತು.

“ಯಜಮಾನ್ರೇ, ಇದ್ಯಾರು ಚುಚ್ಚಿದ್ದು?”

“ನಾನೇ ಕನಪ್ಪ. ತೊಟ್ಟುತೊಟ್ಟು ಬಿದ್ರೆ ಮರಕ್ಕೆ ಎಲ್ಲಿ ಸಾಲ್ತದೆ? ನೀರು ಕಣ್ಣಿಗೆ ಕಾಣ್ಬೇಕು.”

“ಇಲ್ ಕಂಡಿದ್ದು ಅಲ್ಲಿಗ್ ಹೋಗಲ್ಲ, ಗೌಡ್ರೇ.”

ತೂತಿಗೆಲ್ಲ ಬಿರಡೆ ಹೊಡೆದು ಮೋಟಾರು ಹಾಕಿದಾಗ ಕೊನೆಯ ಸಾಲಿನಲ್ಲಿ ತೊಟ್ಟಿಕ್ಕಲು ಶುರುವಾಯಿತು. ಗೌಡರು ಅದನ್ನು ಬಗ್ಗಿ ನೋಡಿ, ಬಿಲ್ಲಿನಲ್ಲಿ ಐವತ್ತು ರೂಪಾಯಿ ಮುರಿದುಕೊಂಡು, ಅದೇ ಬಿಲ್ಲಿಗೆ ಸೇರಿದಂತೆ ಬಾವಿಯ ಹತ್ತಿರ ಒಂದು ಎರಡಿಂಚಿನ ವಾಲ್ವನ್ನೂ ಕೂರಿಸಿಕೊಟ್ಟು ಹೋಗಪ್ಪ ಎಂದರು. ಯಾಕೆಂದು ಕೇಳಿದರೆ, “ಒಂದೊಂದ್ಸಲ ಬಿಟ್ಕೊಂಡು ನೋಡಕ್ಕೆ.”