ಉಡದ ಹಿಡಿತ, ಜೇಕಿನ ಹಿಡಿತ

ಹಿಡಿದದ್ದನ್ನು ಬಿಡದವರನ್ನು ಕಂಡರೆ ಹಳ್ಳಿಯ ಹಿರಿಯರು 'ಉಡದ ಹಿಡಿತ' ಎನ್ನುತ್ತಾರೆ. ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳನ್ನು ಕೇಳಿದರೆ ಜೇಕಿನ ಹಿಡಿತ ಅದಕ್ಕಿಂತ ಗಟ್ಟಿ ಎಂದಾರು. ಒಂದು ಪ್ರಾಣಿ, ಇನ್ನೊಂದು ಸಸ್ಯ, ಹೋಲಿಸುವುದಾದರೂ ಹೇಗೆ? ಎರಡೂ ತಮ್ಮ ನಾಳೆಯನ್ನು ಮಣ್ಣಿನಲ್ಲಿ ಬಚ್ಚಿಡುತ್ತವೆ. ಹೋಲಿಕೆ ಶುರುವಾಗುವುದು ಅಲ್ಲಿಂದ.

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಇಂಥ ಕುರುಚಲು ಕಾಡು, ಹೊಲದ ಒಡ್ಡು, ಹುತ್ತಗಳೇ ಉಡಕ್ಕೆ ಮನೆ. ಐದು ಅಡಿಗೂ ಮೀರಿ ಬೆಳೆಯಬಲ್ಲ ಈ ಹಲ್ಲಿಯ ಬಂಧು ಹಾವಿನಂತೆ ಸೀಳುನಾಲಗೆ ಚಾಚಿ ವಾಸನೆ ಹಿಡಿಯುತ್ತದೆ. ಜೀರುಂಡೆ, ಏಡಿ, ಇಲಿಗಳನ್ನು ತಿನ್ನುತ್ತದೆ. ಹೆಣ್ಣು ಉಡ ಮಳೆಗಾಲದಲ್ಲಿ ನೆಲವನ್ನೋ ಹುತ್ತವನ್ನೋ ಅಗೆದು, ಸುಮಾರು 20 ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಮರಿಗಳು ಹೊರಬರಲು ಆರೇಳು ತಿಂಗಳು ಬೇಕು.

ಲಕ್ಷ್ಮೇಶ್ವರಕ್ಕೆ ಸಮೀಪದ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ ಅದು. ಕೆರೆಯಂಚಿನ ಹಸಿ ಮಣ್ಣು, ನೀರುಣ್ಣುವ ಹೊಲ ಎಂದರೆ ಜೇಕಿಗೆ ಬಲು ಪ್ರೀತಿ. ಹುಲ್ಲಿನಂತೆ ಕಂಡರೂ ಅದು ಹುಲ್ಲಲ್ಲ. ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣು ತಗಲುತ್ತವೆ. ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡಗಿರುತ್ತದೆ. ನೆಲದೊಳಗೆ ಸರದ ಮಣಿಗಳಂತೆ ಗಡ್ಡೆಗಳು. ಆಯುರ್ವೇದದವರಿಗೆ ಅದು ಭದ್ರಮುಷ್ಟಿ, ರೈತನಿಗೆ ತಲೆನೋವು.

ಈಗ ಆ ಮಣ್ಣಿಗೆ ನೇಗಿಲು ಬಿದ್ದಿತೆನ್ನಿ. ಸರದ ತುದಿಯ ಗಡ್ಡೆ ಚಿಗುರುತ್ತಿರುವಾಗ ಉಳಿದವು ಸುಮ್ಮನಿರುತ್ತವೆ. ಸರ ತುಂಡಾದರೆ ಒಂದೊಂದು ಗಡ್ಡೆಯೂ ಒಂದೊಂದು ಗಿಡವಾಗುತ್ತದೆ. ಕಡಿದಷ್ಟೂ ಜೇಕು ಹೆಚ್ಚುವ ಗುಟ್ಟು ಇದು. ಅದೇ ನೇಗಿಲು ಉಡದ ಗೂಡಿಗೆ ತಾಗಿದರೆ? ಒಡೆದ ಮೊಟ್ಟೆ ಎರಡಾಗುವುದಿಲ್ಲ. ಒಂದು ವರ್ಷದ ಸಂತಾನ ಅಲ್ಲಿಗೆ ಮುಗಿಯಿತು.

ಉಡಕ್ಕೆ ಮನುಷ್ಯನಿಂದ ಬೇರೆ ಕಾಟಗಳೂ ಉಂಟು. ಮಾಂಸಕ್ಕೆ, ಖಂಜಿರದ ಚರ್ಮಕ್ಕೆ ಅದನ್ನು ಕೊಂದದ್ದುಂಟು. ಅದೃಷ್ಟ ತರುವ ಗಿಡದ ಬೇರು ಎಂದು 'ಹತ್ಥಾ ಜೋಡಿ' ಹೆಸರಿನಲ್ಲಿ ಮಾರುವ ವಸ್ತು ಬಹುಮಟ್ಟಿಗೆ ಗಂಡು ಉಡದ ಒಣಗಿಸಿದ ಜನನಾಂಗವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಉಡವೂ ಇದೆ. ಅದನ್ನು ಕೊಲ್ಲುವುದೂ ಮಾರುವುದೂ ಅಪರಾಧ.

ಜೇಕನ್ನು ಯಾರೂ ಕಾಪಾಡಬೇಕಿಲ್ಲ. ತುಂಡಾದರೂ ಬದುಕುವ ವಿದ್ಯೆ ಅದಕ್ಕೆ ಗೊತ್ತು. ಉಡದ ಹಿಡಿತ ಎಷ್ಟೇ ಬಿಗಿಯಿದ್ದರೂ ಬಾಯಿಮಾತಿನಲ್ಲಿ ಮಾತ್ರ. ಒಡ್ಡಿನ ಹುತ್ತವೊಂದನ್ನು ಅಗೆಯದೆ ಬಿಟ್ಟರೆ ರೈತನಿಗೆ ಹೋಗುವುದು ಒಂದು ಗೇಣು ನೆಲ. ಉಡಕ್ಕೆ ಉಳಿಯುವುದು ಒಂದು ಪೀಳಿಗೆ.